ಹಬ್ಬುವ ಹುಲ್ಲುಗಳ ಬೇರುಕಾಂಡ

ಬೇರುಕಾಂಡವು ನೆಲದಡಿಯಲ್ಲಿ ಅಡ್ಡಲಾಗಿ ಬೆಳೆಯುವ ಕಾಂಡ. ಸಸ್ಯಶಾಸ್ತ್ರದಲ್ಲಿ ಇದನ್ನು ರೈಜೋಮ್ ಎಂದು ಕರೆಯುತ್ತಾರೆ. ಗರಿಕೆ, ದರ್ಭೆ, ಜೊಂಡು, ಬಿದಿರು ಮೊದಲಾದ ಬಹುವಾರ್ಷಿಕ ಹುಲ್ಲುಗಳು ಬೀಜದಿಂದ ಮಾತ್ರವಲ್ಲದೆ ಬೇರುಕಾಂಡದಿಂದಲೂ ಹರಡುತ್ತವೆ. ಮೇಲಿನ ಎಲೆಯನ್ನು ದನ ಮೇಯ್ದರೂ, ಕಾಡುಕಿಚ್ಚು ಸುಟ್ಟರೂ, ಬೇಸಿಗೆಯ ಬಿಸಿಲು ಒಣಗಿಸಿದರೂ ನೆಲದೊಳಗಿನ ಈ ಕಾಂಡ ಉಳಿದಿದ್ದು, ಅನುಕೂಲ ಕಾಲ ಬಂದೊಡನೆ ಮತ್ತೆ ಚಿಗುರುತ್ತದೆ. ಮರಳು, ಕೆಸರು, ಜೇಡಿ, ಉಪ್ಪುನೆಲ, ಬೆಂಕಿ ಬೀಳುವ ಗುಡ್ಡ ಹೀಗೆ ಬೇರೆ ಬೇರೆ ನೆಲೆಗಳಿಗೆ ಹೊಂದಿಕೊಂಡು ಇದರ ಆಳ, ಉದ್ದ, ಕವಲು ಮತ್ತು ಒಳರಚನೆಗಳು ಮಾರ್ಪಡುತ್ತವೆ. ಹೊಲದಲ್ಲಿ ಕಳೆಯಾಗಿ ರೈತನನ್ನು ಕಾಡುವ ಗುಣವೇ ಕಡಲತೀರದಲ್ಲಿ ಮರಳನ್ನು ಹಿಡಿದಿಡುತ್ತದೆ, ಇಳಿಜಾರಿನಲ್ಲಿ ಮಣ್ಣಿನ ಸವಕಳಿಯನ್ನು ತಡೆಯುತ್ತದೆ.

ರಚನೆ

ಬೇರುಕಾಂಡವು ಬೇರಿನಂತೆ ಕಂಡರೂ ಬೇರಲ್ಲ. ಅದರ ಮೇಲೆ ಗಿಣ್ಣುಗಳೂ ಅವುಗಳ ನಡುವೆ ಅಂತರಗಿಣ್ಣುಗಳೂ ಇರುತ್ತವೆ. ಪ್ರತಿ ಗಿಣ್ಣಿನಲ್ಲಿ ಹುರುಪೆಯಂಥ ಸಣ್ಣ ಎಲೆ, ಅದರ ಕಂಕುಳಲ್ಲಿ ಒಂದು ಮೊಗ್ಗು, ಸುತ್ತ ಬೇರುಗಳು ಹೊರಡುವ ತಾಣ ಇರುತ್ತವೆ. ನಿಜವಾದ ಬೇರಿಗೆ ಗಿಣ್ಣಾಗಲಿ ಎಲೆಯಾಗಲಿ ಇರುವುದಿಲ್ಲ. ಗರಿಕೆಯ ಒಂದು ಬಿಳಿ ಬೇರುಕಾಂಡವನ್ನು ಅಗೆದು ತೊಳೆದು ನೋಡಿದರೆ ಈ ಭಾಗಗಳನ್ನೆಲ್ಲ ಬರಿಗಣ್ಣಿನಿಂದಲೇ ಗುರುತಿಸಬಹುದು.

ಬೇರುಕಾಂಡದ ತುದಿ ಮೊನಚಾಗಿದ್ದು ಗಡುಸಾದ ಹುರುಪೆಗಳಿಂದ ಮುಚ್ಚಿರುತ್ತದೆ. ಇದರಿಂದ ಅದು ಮಣ್ಣನ್ನು ಭೇದಿಸಿ ಮುಂದೆ ಸಾಗಬಲ್ಲದು. ಗರಿಕೆಯ ಶಾಸ್ತ್ರೀಯ ಹೆಸರು ಸೈನೋಡಾನ್ ಡ್ಯಾಕ್ಟಿಲಾನ್. ಗ್ರೀಕ್ ಮೂಲದ ‘ಸೈನೋಡಾನ್’ ಎಂಬ ಪದಕ್ಕೆ ‘ನಾಯಿಯ ಹಲ್ಲು’ ಎಂದರ್ಥ. ಬೇರುಕಾಂಡದ ಮೇಲಿನ ಚೂಪಾದ ಹುರುಪೆಗಳನ್ನು ಕಂಡು ಈ ಹೆಸರು ಬಂದಿದೆ. ‘ಡ್ಯಾಕ್ಟಿಲಾನ್’ ಎಂದರೆ ಬೆರಳು. ಇದು ಬೆರಳುಗಳಂತೆ ಹರಡಿರುವ ತೆನೆಯನ್ನು ಸೂಚಿಸುತ್ತದೆ. ಲಿನೇಯಸ್ 1753ರಲ್ಲಿ ಈ ಹುಲ್ಲನ್ನು ಪ್ಯಾನಿಕಮ್ ಕುಲದಲ್ಲಿ ಸೇರಿಸಿದ್ದನು. 1805ರಲ್ಲಿ ಪರ್ಸೂನ್ ಇದನ್ನು ಸೈನೋಡಾನ್ ಕುಲಕ್ಕೆ ವರ್ಗಾಯಿಸಿದನು.

ಎಲೆಗಳು ತಯಾರಿಸಿದ ಸಕ್ಕರೆಯ ಒಂದು ಭಾಗ ನೆಲದಡಿಗೆ ಇಳಿದು ಬೇರುಕಾಂಡದಲ್ಲಿ ಶೇಖರವಾಗುತ್ತದೆ. ಹೀಗೆ ಬೇರುಕಾಂಡವು ಹರಡುವ ಅಂಗವೂ ಹೌದು, ಉಗ್ರಾಣವೂ ಹೌದು, ಮೊಗ್ಗುಗಳನ್ನು ಕಾಪಿಡುವ ತಾಣವೂ ಹೌದು. ಡೆನ್ಮಾರ್ಕಿನ ಸಸ್ಯವಿಜ್ಞಾನಿ ಕ್ರಿಸ್ಟನ್ ರೌಂಕಿಯರ್ ಸಸ್ಯಗಳನ್ನು ವರ್ಗೀಕರಿಸುವಾಗ, ಪ್ರತಿಕೂಲ ಋತುವಿನಲ್ಲಿ ಅವು ತಮ್ಮ ಮೊಗ್ಗುಗಳನ್ನು ಎಲ್ಲಿ ಇಟ್ಟುಕೊಳ್ಳುತ್ತವೆ ಎಂಬುದನ್ನೇ ಆಧಾರವಾಗಿ ತೆಗೆದುಕೊಂಡನು. ಮೊಗ್ಗುಗಳನ್ನು ಮಣ್ಣಿನೊಳಗೆ ಅಡಗಿಸಿಡುವ ಸಸ್ಯಗಳು ಅವನ ವರ್ಗೀಕರಣದಲ್ಲಿ ಒಂದು ಪ್ರತ್ಯೇಕ ಗುಂಪು.

ಹಂಬು ಮತ್ತು ಬೇರುಕಾಂಡ

ನೆಲದ ಮೇಲೆ ಹರಿಯುವ ಕಾಂಡವನ್ನು ಹಂಬು ಎನ್ನುತ್ತಾರೆ. ಕೆಲವು ಹುಲ್ಲುಗಳಲ್ಲಿ ಹಂಬು ಮಾತ್ರ ಇರುತ್ತದೆ, ಕೆಲವದರಲ್ಲಿ ಬೇರುಕಾಂಡ ಮಾತ್ರ. ಗರಿಕೆಯಲ್ಲಿ ಎರಡೂ ಇವೆ. ಹಂಬು ಬೆಳಕಿನಲ್ಲಿ ಹಸುರಾಗಿದ್ದು ಎಲೆ ಬಿಡುತ್ತದೆ, ಬೇಗ ಬೇಗ ಹೊಸ ಜಾಗವನ್ನು ಹಿಡಿಯುತ್ತದೆ. ಬೇರುಕಾಂಡ ಕತ್ತಲೆಯಲ್ಲಿ ಬಿಳುಪಾಗಿದ್ದು ದಪ್ಪವಾಗಿರುತ್ತದೆ. ಅಗೆದಾಗ ಬೇರುಕಾಂಡದ ತುದಿ ಬೆಳಕಿಗೆ ಬಿದ್ದರೆ ಅದು ಹಸುರುಗಟ್ಟಿ ಮೇಲ್ಮುಖವಾಗಿ ತಿರುಗಿ ಸಾಧಾರಣ ಚಿಗುರಾಗುತ್ತದೆ. ಎರಡೂ ಒಂದೇ ಕಾಂಡದ ಎರಡು ರೂಪಗಳು ಎಂಬುದಕ್ಕೆ ಇದೇ ಸಾಕ್ಷಿ.

ಒಂದೇ ಗಿಡದಲ್ಲಿ ಎರಡು ಬಗೆಯ ಕಾಂಡಗಳು ಏಕಿರಬೇಕು ಎಂಬ ಪ್ರಶ್ನೆ ಸಹಜ. ಡಾಂಗ್ ಮತ್ತು ಡಿ ಕ್ರೂನ್ ಎಂಬ ವಿಜ್ಞಾನಿಗಳು ಗರಿಕೆಯನ್ನೇ ಆರಿಸಿಕೊಂಡು, ಬೆಳಕು ಮತ್ತು ಪೋಷಕಾಂಶಗಳನ್ನು ಹೆಚ್ಚು ಕಡಿಮೆ ಮಾಡಿ ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಬೆಳಕನ್ನು ಅರಸಿ ಹೊರಡುವುದು ಮುಖ್ಯವಾಗಿ ಹಂಬಿನ ಕೆಲಸ, ಆಹಾರವನ್ನೂ ಮೊಗ್ಗುಗಳನ್ನೂ ಕೂಡಿಡುವುದು ಮುಖ್ಯವಾಗಿ ಬೇರುಕಾಂಡದ ಕೆಲಸ ಎಂಬ ನಿಲುವಿಗೆ ಇಂಥ ಅಧ್ಯಯನಗಳು ಬೆಂಬಲ ನೀಡಿವೆ.

ಹರಡುವ ವಿಧಾನಗಳು

ಬೇರುಕಾಂಡದ ಅಂತರಗಿಣ್ಣುಗಳು ಗಿಡ್ಡವಾಗಿದ್ದರೆ ಚಿಗುರುಗಳು ಒತ್ತೊತ್ತಾಗಿ ಹುಟ್ಟಿ ಹಿಂಡಿಲು ಕಟ್ಟುತ್ತವೆ. ಉದ್ದವಾಗಿದ್ದರೆ ಚಿಗುರುಗಳು ದೂರ ದೂರ ತಲೆಯೆತ್ತುತ್ತವೆ. ಪರಿಸರ ವಿಜ್ಞಾನಿಗಳು ಮೊದಲನೆಯದನ್ನು ವ್ಯೂಹದ ಮಾದರಿ ಎಂದೂ ಎರಡನೆಯದನ್ನು ಗೆರಿಲ್ಲಾ ಮಾದರಿ ಎಂದೂ ಹೆಸರಿಸಿದ್ದಾರೆ. ವ್ಯೂಹ ಕಟ್ಟುವ ಹುಲ್ಲು ಇದ್ದ ಜಾಗವನ್ನು ಇನ್ನೊಂದಕ್ಕೆ ಬಿಟ್ಟುಕೊಡುವುದಿಲ್ಲ. ಗೆರಿಲ್ಲಾ ಮಾದರಿಯದು ಇತರ ಗಿಡಗಳ ನಡುವೆ ನುಸುಳಿ ತೆರವಾದ ಜಾಗವನ್ನು ಹುಡುಕುತ್ತದೆ. ಹೆಚ್ಚಿನ ಹುಲ್ಲುಗಳು ಈ ಎರಡು ತುದಿಗಳ ನಡುವೆ ಎಲ್ಲಿಯಾದರೂ ಇರುತ್ತವೆ.

ಇದಕ್ಕೆ ಬಿದಿರು ಸ್ಪಷ್ಟ ಉದಾಹರಣೆ. ಬಿದಿರೂ ಹುಲ್ಲಿನ ಕುಟುಂಬಕ್ಕೆ, ಅಂದರೆ ಪೋಯೇಸೀ ಕುಟುಂಬಕ್ಕೆ ಸೇರಿದೆ. ಕರ್ನಾಟಕದ ಕಾಡುಗಳ ಹೆಬ್ಬಿದಿರು ಮತ್ತು ಕಿರುಬಿದಿರುಗಳ ಬೇರುಕಾಂಡಗಳು ಗಿಡ್ಡವಾಗಿ ದಪ್ಪವಾಗಿದ್ದು, ಪ್ರತಿಯೊಂದರ ತುದಿಯೂ ಮೇಲಕ್ಕೆ ತಿರುಗಿ ಗಳುವಾಗುತ್ತದೆ. ಆದ್ದರಿಂದ ಇವು ಮೆಳೆಗಟ್ಟುತ್ತವೆ. ಮಳೆಗಾಲದಲ್ಲಿ ಮಲೆನಾಡಿನವರು ಅಡುಗೆಗೆ ಬಳಸುವ ಕಳಲೆಯು ಹೀಗೆ ಮೇಲೆದ್ದ ಎಳೆಯ ಮೊಳಕೆಯೇ. ಚೀನಾ, ಜಪಾನ್‌ಗಳ ಫಿಲ್ಲೋಸ್ಟಾಕಿಸ್ ಕುಲದ ಬಿದಿರುಗಳಲ್ಲಿ ಬೇರುಕಾಂಡದ ತುದಿ ಮಣ್ಣಿನಲ್ಲಿಯೇ ಓಡುತ್ತಾ ಹೋಗುತ್ತದೆ, ಪಕ್ಕದ ಮೊಗ್ಗುಗಳಿಂದ ಅಲ್ಲೊಂದು ಇಲ್ಲೊಂದು ಗಳು ಏಳುತ್ತದೆ. ಇವು ಮೆಳೆಗಟ್ಟದೆ ತೋಪಿನಂತೆ ಹರಡುತ್ತವೆ.

ಬೇರುಕಾಂಡದಿಂದ ಕೂಡಿಕೊಂಡಿರುವ ಚಿಗುರುಗಳೆಲ್ಲ ವಂಶವಾಹಿಯ ದೃಷ್ಟಿಯಿಂದ ಒಂದೇ ಗಿಡ. ಅವುಗಳ ನಡುವೆ ನೀರು, ಸಕ್ಕರೆ, ಪೋಷಕಾಂಶಗಳ ವಿನಿಮಯ ನಡೆಯುತ್ತದೆ. ಒಣನೆಲದಲ್ಲಿ ತಲೆಯೆತ್ತಿದ ಎಳೆಯ ಚಿಗುರಿಗೆ ಹಸಿನೆಲದಲ್ಲಿರುವ ಹಳೆಯ ಚಿಗುರು ನೀರು ಒದಗಿಸಬಲ್ಲದು. ಬೀಜದಿಂದ ಹುಟ್ಟಿದ ಒಂಟಿ ಸಸಿಗೆ ಇಂಥ ಆಸರೆ ಇರುವುದಿಲ್ಲ. ಬೀಜ ಮೊಳೆಯಲಾರದ ಕಡೆಗೂ ಹಬ್ಬುವ ಹುಲ್ಲು ಕಾಲಿಡಲು ಇದು ಒಂದು ಮುಖ್ಯ ಕಾರಣ.

ನೆಲೆಗೆ ತಕ್ಕ ಹೊಂದಾಣಿಕೆಗಳು

ಹೊಂದಾಣಿಕೆ ಎಂಬ ಮಾತಿಗೆ ಇಲ್ಲಿ ಮೂರು ಅರ್ಥಗಳಿವೆ. ಒಂದೇ ಗಿಡ ತನ್ನ ಜೀವಿತಕಾಲದಲ್ಲಿ ನೆಲಕ್ಕೆ ತಕ್ಕಂತೆ ಬೆಳವಣಿಗೆಯನ್ನು ಬದಲಿಸಿಕೊಳ್ಳುವುದು ಮೊದಲನೆಯದು. ಒಂದೇ ಪ್ರಭೇದದ ಸಸ್ಯಗಳು ತಲೆತಲಾಂತರದಿಂದ ಬೇರೆ ಬೇರೆ ನೆಲೆಗಳಲ್ಲಿದ್ದು ಹುಟ್ಟುಗುಣದಲ್ಲಿಯೇ ಭಿನ್ನವಾಗುವುದು ಎರಡನೆಯದು. ವಿಕಾಸದ ದೀರ್ಘಕಾಲದಲ್ಲಿ ಬೇರೆ ಬೇರೆ ಪ್ರಭೇದಗಳೇ ಬೇರೆ ಬೇರೆ ನೆಲೆಗಳಿಗೆ ಒಗ್ಗಿಕೊಂಡಿರುವುದು ಮೂರನೆಯದು. ಹೊಲದಲ್ಲಿ ಕಾಣುವ ವ್ಯತ್ಯಾಸ ಈ ಮೂರರಲ್ಲಿ ಯಾವುದು ಎಂಬುದನ್ನು ತಿಳಿಯಲು, ಎರಡು ಕಡೆಯ ಗಿಡಗಳನ್ನು ತಂದು ಒಂದೇ ಮಣ್ಣಿನಲ್ಲಿ ಜೊತೆಯಾಗಿ ಬೆಳೆಸಿ ನೋಡುವುದು ವಿಜ್ಞಾನಿಗಳ ವಾಡಿಕೆ. ಆಗಲೂ ವ್ಯತ್ಯಾಸ ಉಳಿದರೆ ಅದು ಹುಟ್ಟುಗುಣ. ಅಳಿದರೆ ಅದು ನೆಲದ ಪ್ರಭಾವ.

ಮಣ್ಣಿನ ಬಗೆ ಮತ್ತು ಒಣಹವೆ

ಸಡಿಲವಾದ ಮರಳು ಮಿಶ್ರಿತ ಮಣ್ಣಿನಲ್ಲಿ ಬೇರುಕಾಂಡ ಆಳಕ್ಕೆ ಇಳಿಯುತ್ತದೆ. ಜಿಗುಟಾದ ಜೇಡಿಮಣ್ಣಿನಲ್ಲಿ ಮೇಲುಪದರದಲ್ಲಿಯೇ ನಿಲ್ಲುತ್ತದೆ. ದರ್ಭೆಯ ಜಾತಿಯ ಇಂಪರೇಟಾ ಸಿಲಿಂಡ್ರಿಕಾ ಎಂಬ ಹುಲ್ಲಿನಲ್ಲಿ ನುಣುಪಾದ ಮಣ್ಣಿದ್ದೆಡೆ ಬಹುಪಾಲು ಬೇರುಕಾಂಡ ಮೇಲಿನ 15 ಸೆಂ.ಮೀ. ಒಳಗೂ, ಉರುಟಾದ ಮರಳುಮಣ್ಣಿದ್ದೆಡೆ ಸುಮಾರು 40 ಸೆಂ.ಮೀ. ವರೆಗೂ ಕಂಡುಬರುತ್ತದೆ. ಜನ ತುಳಿದು ಗಟ್ಟಿಯಾದ ಕಾಲುದಾರಿಯ ಬದಿಯಲ್ಲಿ ಗರಿಕೆ ಹೆಚ್ಚಾಗಿ ಹಂಬುಗಳಿಂದ ಹರಡುತ್ತದೆ. ಉತ್ತು ಸಡಿಲಗೊಂಡ ಹೊಲದಲ್ಲಿ ಅದೇ ಗರಿಕೆ ನೆಲದಡಿಯಲ್ಲಿ ದಟ್ಟವಾದ ಬೇರುಕಾಂಡದ ಜಾಲ ಹೆಣೆಯುತ್ತದೆ.

ಬಯಲುಸೀಮೆಯ ಬೇಸಿಗೆಯಲ್ಲಿ ಗರಿಕೆಯ ಎಲೆ ಕಂದಿ ನೆಲ ಬೋಳಾದಂತೆ ಕಾಣುತ್ತದೆ. ಬೇರುಕಾಂಡದ ಮೊಗ್ಗುಗಳು ಮಾತ್ರ ಸುಪ್ತವಾಗಿ ಉಳಿದಿರುತ್ತವೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಇವು ಚಿಗುರುತ್ತವೆ. ಬೀಜ ಮೊಳೆತು ಬೇರು ಬಿಡುವಷ್ಟರಲ್ಲಿ ಗರಿಕೆ ನೆಲವನ್ನು ಮುಚ್ಚಿರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗೆ ಎಲೆ ಕಂದಿದರೂ ವಸಂತದಲ್ಲಿ ಬೇರುಕಾಂಡದಿಂದ ಮತ್ತೆ ಹಸುರೇರುವುದು ಇದೇ ಉಪಾಯದಿಂದ.

ಬೆಂಕಿ

ಮಣ್ಣು ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ. ಹುಲ್ಲಿನ ಬೆಂಕಿ ಬೇಗ ಹೊತ್ತಿ ಬೇಗ ಆರುವುದರಿಂದ ಕೆಲವು ಸೆಂಟಿಮೀಟರ್ ಆಳದಲ್ಲಿರುವ ಮೊಗ್ಗುಗಳಿಗೆ ಧಕ್ಕೆಯಾಗುವುದಿಲ್ಲ. ಇಂಪರೇಟಾ ಈ ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಳ್ಳುತ್ತದೆ. ಅದರ ಒಣ ಎಲೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಬೆಂಕಿಯಲ್ಲಿ ಮರಗಳ ಸಸಿಗಳು ಸಾಯುತ್ತವೆ. ಇಂಪರೇಟಾ ನೆಲದಡಿಯಿಂದ ಮತ್ತೆ ಏಳುತ್ತದೆ. ಹೀಗೆ ಪದೇ ಪದೇ ಬೆಂಕಿ ಬಿದ್ದಷ್ಟೂ ಕಾಡು ಹಿಮ್ಮೆಟ್ಟಿ ಹುಲ್ಲುಗಾವಲು ಬೆಳೆಯುತ್ತದೆ. ಆಗ್ನೇಯ ಏಷ್ಯಾದಲ್ಲಿ ಕಾಡು ಕಡಿದ ವಿಸ್ತಾರವಾದ ಪ್ರದೇಶಗಳನ್ನು ಈ ಹುಲ್ಲು ಆವರಿಸಿದೆ. ಜಪಾನಿನಿಂದ ಬಂದ ಕಿತ್ತಳೆ ಸಸಿಗಳ ಪೆಟ್ಟಿಗೆಯಲ್ಲಿ ಒತ್ತಿಗೆಂದು ಇಟ್ಟಿದ್ದ ಈ ಹುಲ್ಲು 1912ರಲ್ಲಿ ಅಮೆರಿಕದ ಅಲಬಾಮಾ ರಾಜ್ಯವನ್ನು ತಲುಪಿತು. ಇಂದು ಅದು ಆ ದೇಶದ ಆಗ್ನೇಯ ರಾಜ್ಯಗಳ ದೊಡ್ಡ ಪಿಡುಗಾಗಿದೆ. ಇದರ ದೌರ್ಬಲ್ಯ ನೆರಳು: ಮರಗಳು ಬೆಳೆದು ಮೇಲೆ ಮುಚ್ಚಿಕೊಂಡರೆ ಎಲೆಗಳಿಂದ ಬೇರುಕಾಂಡಕ್ಕೆ ಆಹಾರ ಇಳಿಯುವುದು ತಗ್ಗಿ ಹುಲ್ಲು ಕ್ಷೀಣಿಸುತ್ತದೆ.

ಮರಳುದಿಬ್ಬ

ಕಡಲತೀರದ ಮರಳಿನಲ್ಲಿ ನೀರು ನಿಲ್ಲುವುದಿಲ್ಲ, ಪೋಷಕಾಂಶ ಕಡಿಮೆ, ಗಾಳಿ ಬೀಸಿದಂತೆಲ್ಲ ಗಿಡಗಳು ಹೂತುಹೋಗುತ್ತವೆ. ಯೂರೋಪಿನ ಕರಾವಳಿಯ ಮರ್ರಮ್ ಹುಲ್ಲು ಹೂತುಹೋಗುವುದನ್ನೇ ಅನುಕೂಲ ಮಾಡಿಕೊಂಡಿದೆ. ಇದರ ಬೇರುಕಾಂಡಗಳು ಅಡ್ಡಲಾಗಿ ಹರಡುವುದರ ಜೊತೆಗೆ ನೆಟ್ಟಗೆ ಮೇಲಕ್ಕೂ ಬೆಳೆಯುತ್ತವೆ. ವರ್ಷಕ್ಕೆ ಸುಮಾರು 1 ಮೀಟರ್ ಮರಳು ಮೇಲೆ ಬಿದ್ದರೂ ಇದು ಅದನ್ನು ಮೀರಿ ಬೆಳೆಯಬಲ್ಲದು. ಎಲೆಗಳು ಗಾಳಿಯನ್ನು ತಡೆದು ಮರಳನ್ನು ಬೀಳಿಸುತ್ತವೆ, ಬೇರುಕಾಂಡ ಆ ಮರಳನ್ನು ಹಿಡಿಯುತ್ತದೆ, ದಿಬ್ಬ ಎತ್ತರವಾಗುತ್ತದೆ. ಮರಳು ಬೀಳುವುದು ನಿಂತರೆ ಈ ಹುಲ್ಲು ಸೊರಗುತ್ತದೆ. ಬೇರಿನ ಸುತ್ತ ಸೇರುವ ಹಾನಿಕರ ಶಿಲೀಂಧ್ರಗಳೂ ಜಂತುಹುಳುಗಳೂ ಇದಕ್ಕೆ ಒಂದು ಕಾರಣ; ಹೊಸ ಮರಳಿನಲ್ಲಿ ಅವುಗಳ ಕಾಟ ಕಡಿಮೆ.

ಭಾರತದ ಕಡಲತೀರಗಳಲ್ಲಿ ಇದೇ ಬಗೆಯ ಕೆಲಸವನ್ನು ಸ್ಪಿನಿಫೆಕ್ಸ್ ಲಿಟ್ಟೋರಿಯಸ್ ಎಂಬ ಮುಳ್ಳುಹುಲ್ಲು ಮಾಡುತ್ತದೆ. ತಮಿಳಿನಲ್ಲಿ ಇದನ್ನು ರಾವಣನ ಮೀಸೆ ಎನ್ನುತ್ತಾರೆ. ಇದರದು ಮೂಲತಃ ಮರಳಿನ ಮೇಲೆ ಹರಿಯುವ ಗಟ್ಟಿಯಾದ ಹಂಬು. ಮರಳು ಮುಚ್ಚಿದಂತೆ ಹಂಬು ನೆಲದಡಿಯ ಕಾಂಡವಾಗುತ್ತದೆ, ಗಿಣ್ಣುಗಳಲ್ಲಿ ಬೇರಿಳಿಯುತ್ತದೆ, ಚಿಗುರು ಮೇಲೇಳುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಈ ಹುಲ್ಲೂ ಅಡುಂಬು ಬಳ್ಳಿಯೂ ಕಡಲಿಗೆ ಎದುರಾಗಿ ನಿಲ್ಲುವ ಮೊದಲ ಸಾಲಿನ ಸಸ್ಯಗಳು. ದಿಬ್ಬವನ್ನು ಸಮತಟ್ಟು ಮಾಡಿ ಇವನ್ನು ಕಿತ್ತುಹಾಕಿದರೆ ಮರಳಿಗೆ ಹಿಡಿತ ತಪ್ಪುತ್ತದೆ; ಮಳೆಗಾಲದ ಅಲೆಗಳ ಹೊಡೆತ ನೇರವಾಗಿ ಒಳನಾಡಿನ ಕಡೆಗೆ ಬರುತ್ತದೆ.

ಕೆಸರು ಮತ್ತು ನೀರು

ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಕೆರೆಯ ಅಂಚಿನಲ್ಲಿ ಬೆಳೆಯುವ ಫ್ರಾಗ್ಮೈಟೀಸ್ ಕುಲದ ಜೊಂಡುಹುಲ್ಲಿನ ಬೇರುಕಾಂಡ ಇಂಥ ಕೆಸರಿನಲ್ಲಿ ಒಂದು ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬಲ್ಲದು. ಅದರ ಕಾಂಡದೊಳಗೆ ಗಾಳಿ ತುಂಬಿದ ಕೊಳವೆಗಳಂಥ ಅಂಗಾಂಶ ಇರುತ್ತದೆ. ಎಲೆಯ ಕೋಶಗಳಲ್ಲಿ ಒಳಗಿನ ತೇವದಿಂದಾಗಿ ಹೊರಗಿಗಿಂತ ತುಸು ಹೆಚ್ಚು ಒತ್ತಡ ಉಂಟಾಗಿ ಗಾಳಿ ಕೆಳಕ್ಕೆ ಹರಿಯುತ್ತದೆ. ಬೇರುಕಾಂಡವನ್ನು ಹಾದು, ಹಳೆಯ ಮುರಿದ ಗಳುಗಳ ಮೂಲಕ ಹೊರಬೀಳುತ್ತದೆ. ಒಣಗಿ ನಿಂತ ಗಳುಗಳು ನೋಡಲು ನಿರುಪಯುಕ್ತವೆನಿಸಿದರೂ ಜೊಂಡಿಗೆ ಉಸಿರಾಟದ ದಾರಿಗಳು. ಜೊಂಡನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದರೆ ಬೇರುಕಾಂಡಕ್ಕೆ ಗಾಳಿ ಸಿಗದೆ ಹುಲ್ಲು ದುರ್ಬಲವಾಗುವುದು ಈ ಕಾರಣದಿಂದಲೇ. ಬೇರುಕಾಂಡ ಮತ್ತು ಬೇರುಗಳಿಂದ ಸೋರುವ ಆಮ್ಲಜನಕ ಸುತ್ತಲಿನ ಕೆಸರಿನ ಸೂಕ್ಷ್ಮಜೀವಿಗಳಿಗೂ ದೊರೆಯುತ್ತದೆ. ಕೊಳಚೆ ನೀರನ್ನು ಶುದ್ಧೀಕರಿಸುವ ಕೃತಕ ಜೌಗುಗಳಲ್ಲಿ ಜೊಂಡನ್ನು ನೆಡಲು ಇದೂ ಒಂದು ಕಾರಣ.

ಉಪ್ಪುನೆಲ

ಅಳಿವೆಗಳಲ್ಲಿ ಕೆಸರಿನ ತೊಂದರೆಗೆ ಉಪ್ಪಿನ ತೊಂದರೆಯೂ ಸೇರುತ್ತದೆ. ಪ್ಯಾಸ್ಪಾಲಮ್ ವೆಜಿನೇಟಮ್, ಸ್ಪೋರೋಬೋಲಸ್ ವರ್ಜಿನಿಕಸ್ ಮುಂತಾದ ಹುಲ್ಲುಗಳು ಇಂಥ ನೆಲದಲ್ಲಿಯೂ ಹಬ್ಬುತ್ತವೆ. ಉಪ್ಪು ಹೆಚ್ಚಿದ ಕಡೆ ಬೀಜ ಮೊಳೆಯುವುದು ಕಷ್ಟ. ಆದ್ದರಿಂದ ಒಮ್ಮೆ ನೆಲೆಯೂರಿದ ಗಿಡ ಬೇರುಕಾಂಡದ ಮೂಲಕ ಹರಡುವುದೇ ಇಲ್ಲಿ ಹೆಚ್ಚು ಭರವಸೆಯ ಮಾರ್ಗ.

ಬೆಳವಣಿಗೆಯ ನಿಯಂತ್ರಣ

ಬೇರುಕಾಂಡದ ತುದಿ ಜೀವಂತವಾಗಿ ಬೆಳೆಯುತ್ತಿರುವವರೆಗೆ ಹಿಂದಿನ ಗಿಣ್ಣುಗಳ ಬಹುಪಾಲು ಮೊಗ್ಗುಗಳು ಚಿಗುರದೆ ಸುಮ್ಮನಿರುತ್ತವೆ. ಇದಕ್ಕೆ ತುದಿಯ ಪ್ರಾಬಲ್ಯ ಎಂದು ಹೆಸರು. ತುದಿಯಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ಹಾರ್ಮೋನು ಇದರಲ್ಲಿ ಪಾತ್ರ ವಹಿಸುತ್ತದೆ. ಬೇರುಕಾಂಡ ತುಂಡಾದೊಡನೆ ಈ ಹಿಡಿತ ತಪ್ಪಿ, ಸುಮ್ಮನಿದ್ದ ಮೊಗ್ಗುಗಳು ಚಿಗುರತೊಡಗುತ್ತವೆ. ಒಂದೇ ಗಿಣ್ಣಿರುವ ತುಂಡು ಕೂಡ ಹೊಸ ಗಿಡವಾಗಬಲ್ಲದು. ಆದರೆ ತುಂಡು ಚಿಕ್ಕದಾದಷ್ಟೂ ಅದರಲ್ಲಿರುವ ಆಹಾರ ಕಡಿಮೆ. ಆಳದಲ್ಲಿ ಹೂತಿದ್ದರೆ ನೆಲದ ಮೇಲಕ್ಕೆ ತಲುಪುವ ಮೊದಲೇ ಅದರ ಶಕ್ತಿ ಮುಗಿದುಹೋಗುತ್ತದೆ. ಉದ್ದನೆಯ ತುಂಡು ಹೆಚ್ಚು ಆಳದಿಂದಲೂ ಮೇಲೇಳುತ್ತದೆ.

ಗಿಣ್ಣು ಗಿಣ್ಣಿನಿಂದಲೂ ಮತ್ತೆ ಮತ್ತೆ ಹುಟ್ಟುವ ಈ ಗುಣವನ್ನು ಹಿಂದಿನವರೂ ಗಮನಿಸಿದ್ದರು. ದೂರ್ವಾಸೂಕ್ತದಲ್ಲಿ ಗರಿಕೆಯನ್ನು ಸ್ತುತಿಸಿರುವುದು ಇದೇ ಗುಣಕ್ಕಾಗಿ. ಮನೆತನವು ಗರಿಕೆಯಂತೆ ಹಬ್ಬಲಿ ಎಂದು ಹರಸುವ ಜನಪದರ ಮಾತಿನ ಹಿಂದೆಯೂ ಇದೇ ಅನುಭವವಿದೆ.

ಕೃಷಿಯಲ್ಲಿ ಕಳೆಯಾಗಿ

ಗರಿಕೆಯನ್ನು ಉತ್ತರ ಕರ್ನಾಟಕದಲ್ಲಿ ಕರಕಿ ಎಂದೂ ಕರೆಯುತ್ತಾರೆ. ಹಬ್ಬಕ್ಕೆ ಅಂಗಳದಲ್ಲಿ ಹುಡುಕಿ ತರುವ ಈ ಹುಲ್ಲನ್ನೇ ರೈತ ಹೊಲದಿಂದ ಹೊರಹಾಕಲು ವರ್ಷಗಟ್ಟಲೆ ಹೆಣಗುತ್ತಾನೆ. ಮೇಲೆ ವಿವರಿಸಿದ ಗುಣಗಳನ್ನು ತಿಳಿದರೆ ಕಳೆ ತೆಗೆಯುವ ಕ್ರಮಗಳಲ್ಲಿ ಕೆಲವು ಫಲಿಸಿ ಕೆಲವು ಸೋಲುವುದೇಕೆ ಎಂಬುದು ಅರ್ಥವಾಗುತ್ತದೆ.

ಮಣ್ಣು ಹಸಿಯಾಗಿರುವಾಗ ಉತ್ತರೆ ನೇಗಿಲು ಬೇರುಕಾಂಡವನ್ನು ತುಂಡರಿಸುತ್ತದೆ, ತುದಿಯ ಪ್ರಾಬಲ್ಯ ಮುರಿಯುತ್ತದೆ, ತುಂಡುಗಳೆಲ್ಲ ಚಿಗುರುತ್ತವೆ. ಕಳೆ ತೆಗೆದಂತೆ ಕಂಡರೂ ವಾಸ್ತವವಾಗಿ ನೆಟ್ಟಂತೆಯೇ ಆಗುತ್ತದೆ. ನೇಗಿಲು, ಕುಂಟೆಗಳಿಗೆ ಸಿಕ್ಕಿಕೊಂಡ ತುಂಡುಗಳು ಒಂದು ಹೊಲದಿಂದ ಇನ್ನೊಂದು ಹೊಲಕ್ಕೂ ಸಾಗುತ್ತವೆ. ಬೇಸಿಗೆಯಲ್ಲಿ ಆಳವಾಗಿ ಉತ್ತು ಬೇರುಕಾಂಡವನ್ನು ಮೇಲೆತ್ತಿ ಬಿಸಿಲಿಗೆ ಬಿಟ್ಟರೆ ಅದು ಒಣಗಿ ಸಾಯುತ್ತದೆ. ಇದೇ ಉಳುಮೆ, ಕಾಲ ಮಾತ್ರ ಬೇರೆ, ಫಲಿತಾಂಶ ತದ್ವಿರುದ್ಧ.

ಎರಡನೆಯ ಉಪಾಯ ಉಗ್ರಾಣವನ್ನು ಬರಿದುಮಾಡುವುದು. ಚಿಗುರು ಮೊದಲು ಬೇರುಕಾಂಡದ ಆಹಾರವನ್ನು ಬಳಸಿ ಬೆಳೆಯುತ್ತದೆ. ಕೆಲವು ಎಲೆಗಳು ಬಿಚ್ಚಿಕೊಂಡ ಮೇಲೆಯೇ ಕೆಳಕ್ಕೆ ಆಹಾರ ಕಳುಹಿಸತೊಡಗುತ್ತದೆ. ಈ ತಿರುವಿಗೆ ಮುನ್ನವೇ ಮತ್ತೆ ಮತ್ತೆ ಹರಗಿದರೆ ಸಂಗ್ರಹ ಕರಗುತ್ತಾ ಹೋಗುತ್ತದೆ. ಒಮ್ಮೆ ತಡಮಾಡಿದರೂ ಉಗ್ರಾಣ ಪುನಃ ತುಂಬಿಕೊಳ್ಳುತ್ತದೆ. ಮೂರನೆಯದು ನೆರಳು. ಗರಿಕೆ ಬಿಸಿಲನ್ನು ಬಯಸುವ ಹುಲ್ಲು. ದಟ್ಟವಾಗಿ ಹಬ್ಬುವ ಬೆಳೆಯ ಕೆಳಗೆ ಅದು ಸೊರಗುತ್ತದೆ. ಸಸ್ಯದೊಳಗೆ ಹರಿದು ಕೆಲಸ ಮಾಡುವ ಕಳೆನಾಶಕಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಎಲೆಗಳು ಚೆನ್ನಾಗಿ ಬೆಳೆದು ಆಹಾರವನ್ನು ಕೆಳಕ್ಕೆ ಇಳಿಸುತ್ತಿರುವಾಗಲೇ ಔಷಧವೂ ಬೇರುಕಾಂಡವನ್ನು ತಲುಪುತ್ತದೆ. ಬಾಡಿದ ಹುಲ್ಲಿಗೆ ಸಿಂಪಡಿಸಿದರೆ ಪ್ರಯೋಜನ ಕಡಿಮೆ.

ಹೊಲಗಳಲ್ಲಿ ಸಾಮಾನ್ಯವಾದ ತುಂಗೆಯನ್ನೂ ಜನರು ಹುಲ್ಲೆಂದೇ ಕರೆಯುತ್ತಾರೆ. ಕೆಲವೆಡೆ ಇದಕ್ಕೆ ಜೇಕು ಎಂಬ ಹೆಸರಿದೆ. ಇದು ಸೈಪರೇಸೀ ಎಂಬ ಬೇರೆ ಕುಟುಂಬದ ಸಸ್ಯ. ಇದರ ಬೇರುಕಾಂಡದಲ್ಲಿ ಅಲ್ಲಲ್ಲಿ ಗೆಡ್ಡೆಗಳು ಕಟ್ಟುತ್ತವೆ. ಗರಿಕೆಯಲ್ಲಿ ಗೆಡ್ಡೆ ಇರುವುದಿಲ್ಲ.

ಉಪಯೋಗಗಳು

ಹೊಲದ ಬದು, ಕೆರೆ ಏರಿ, ಕಾಲುವೆಯ ದಡ ಮತ್ತು ರಸ್ತೆಯ ಇಳಿಜಾರುಗಳಲ್ಲಿ ಹಬ್ಬುವ ಹುಲ್ಲು ಮಣ್ಣನ್ನು ಹೆಣೆದು ಹಿಡಿಯುತ್ತದೆ. ಆಟದ ಮೈದಾನಗಳಲ್ಲಿ ಗರಿಕೆಯ ತಳಿಗಳನ್ನು ಬಳಸಲು ಕಾರಣ, ಆಟಗಾರರ ತುಳಿತದಿಂದ ಹರಿದ ಭಾಗವನ್ನು ಅದು ಬೇರುಕಾಂಡ ಮತ್ತು ಹಂಬುಗಳಿಂದ ತಾನೇ ತುಂಬಿಕೊಳ್ಳುತ್ತದೆ. ಮೇವಿನ ಹುಲ್ಲಾಗಿಯೂ ಅದು ಮೇಯಿಸುವಿಕೆಯನ್ನು ತಾಳಿಕೊಳ್ಳುತ್ತದೆ.

ಬೇರುಕಾಂಡದ ಗುಣವನ್ನು ಧಾನ್ಯದ ಬೆಳೆಗಳಿಗೆ ತರುವ ಪ್ರಯತ್ನವೂ ನಡೆದಿದೆ. ನಾವು ಬೆಳೆಯುವ ಜೋಳಕ್ಕೆ ಬೇರುಕಾಂಡವಿಲ್ಲ. ಅದರ ಹತ್ತಿರದ ಸಂಬಂಧಿಯಾದ ಜಾನ್ಸನ್ ಹುಲ್ಲಿಗೆ ಬಲವಾದ ಬೇರುಕಾಂಡವಿದ್ದು ಅದು ಅನೇಕ ದೇಶಗಳಲ್ಲಿ ಕಳೆಯಾಗಿದೆ. ಆಫ್ರಿಕದ ಒರೈಜಾ ಲಾಂಜಿಸ್ಟಾಮಿನೇಟಾ ಎಂಬ ಕಾಡುಭತ್ತ ಬೇರುಕಾಂಡದಿಂದ ಹರಡುವ ಬಹುವಾರ್ಷಿಕ ಸಸ್ಯ. ಇದನ್ನು ಸಾಧಾರಣ ಭತ್ತದೊಡನೆ ಸಂಕರಗೊಳಿಸಿ ಚೀನಾದ ಯುನ್ನಾನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಹುವಾರ್ಷಿಕ ಭತ್ತದ ತಳಿಯನ್ನು ರೂಪಿಸಿದರು. ಪಿಆರ್23 ಎಂಬ ತಳಿ 2018ರಲ್ಲಿ ಬಿಡುಗಡೆಯಾಯಿತು. ಒಮ್ಮೆ ನೆಟ್ಟ ಪೈರಿನಿಂದ ನಾಲ್ಕು ವರ್ಷಗಳಲ್ಲಿ ಎಂಟು ಕೊಯ್ಲು ಪಡೆದ ವರದಿ 2022ರಲ್ಲಿ ಪ್ರಕಟವಾಗಿದೆ. ಪ್ರತಿ ಹಂಗಾಮಿಗೂ ಉಳುವ, ನಾಟಿ ಮಾಡುವ ಶ್ರಮ ಇದರಿಂದ ಉಳಿಯುತ್ತದೆ, ಮಣ್ಣಿನ ಸವಕಳಿಯೂ ತಗ್ಗುತ್ತದೆ. ಇಂಥ ತಳಿ ಮುಂದೆ ತಾನೇ ಕಳೆಯಾಗದಂತೆ ನೋಡಿಕೊಳ್ಳುವುದು ತಳಿವಿಜ್ಞಾನಿಗಳ ಹೊಣೆ. ಹೊಲದಲ್ಲಿ ಬೇಕಾದುದು ಬಾಳುವ ಶಕ್ತಿಯೇ ಹೊರತು ಅಂಕೆಯಿಲ್ಲದೆ ಹಬ್ಬುವ ಶಕ್ತಿಯಲ್ಲ.

ಇವುಗಳನ್ನೂ ನೋಡಿ

ಗರಿಕೆ
ದರ್ಭೆ
ಬಿದಿರು
ತುಂಗೆ
ಮಣ್ಣಿನ ಸವಕಳಿ
ನಿರ್ಲಿಂಗ ಸಂತಾನೋತ್ಪತ್ತಿ